ಹೂವಿನ ಲಾಳ

ಪೆನ್‌ಕ್ರೇಗ್, ಪೆನ್ಸಿಲ್ವೇನಿಯಾ
೧೯ ಜುಲೈ ೧೯೧೧

ಪ್ರೀತಿಯ ಮಗೂ ಇಡ್ರಿಸ್,

ಚೆನ್ನಾಗಿದ್ದೀಯಾ? ಫಿಲಡೆಲ್ಫಿಯಾದಲ್ಲಿ ನಿನ್ನ ಬೇಸ್‌ಬಾಲ್ ಆಟ ನೋಡಿ ಬಂದ ದಿನವೇ ಬರೆಯಬೇಕಿತ್ತು. ಕೈನೋವು ಎಂದು ನೆಪ ಹೇಳೋಣವೆಂದುಕೊಂಡೆ. ಆದರೆ ಇದೇ ಕೈಯಲ್ಲಿ ನಿನ್ನೆ ಎರಡು ಬುಟ್ಟಿ ಬಟ್ಟೆ ಒಗೆದಿದ್ದೇನೆ. ನನ್ನದು ಕೋಳಿ ಕೆರೆದ ಅಕ್ಷರ, ಸಹಿಸಿಕೋ.

ಮೊದಲು ಬೈದುಬಿಡುತ್ತೇನೆ. 'ಇವತ್ತು ಎರಡನೇ ಬೇಸ್, ನಾಳೆ ಮೂರನೆಯದು, ನಾಡಿದ್ದು ದೂರದ ಬಯಲು' ಎಂದು ನೀನು ನಿಲ್ಲುವ ಜಾಗ ಬರೆಯುತ್ತಿದ್ದೆಯಲ್ಲ, ಒಂದು ಜಾಗ ಸಾಲದಷ್ಟು ದೊಡ್ಡ ಆಟಗಾರ ನನ್ನ ಮೊಮ್ಮಗ ಎಂದು ಊರೆಲ್ಲ ಡಂಗುರ ಹೊಡೆದೆ. ಯಾರಾದರೂ ಕಾಲು ಉಳುಕಿಸಿಕೊಂಡರೆ ಮಾತ್ರ ನಿನಗೆ ಜಾಗ ಎಂದು ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಊರ ಹುಡುಗ ದಾಂಡು ಹಿಡಿದು ಬಂದಾಗ ಆಟ ನಿಲ್ಲಿಸಿ ಊರವರು ಅದೃಷ್ಟಕ್ಕೆಂದು ಕುದುರೆ ಲಾಳದ ಆಕಾರಕ್ಕೆ ಕಟ್ಟಿದ ಹೂವಿನ ಲಾಳ ಕೊಡುವುದು ಪದ್ಧತಿ ತಾನೇ? ಆಳೆತ್ತರದ ಲಾಳ ಕಟ್ಟಿಸಿ, ರೈಲಿನಲ್ಲಿ ಬಾಣಂತಿಯ ಹಾಗೆ ಜೋಪಾನ ಮಾಡಿ ತಂದೆವು. ನಿನ್ನ ಹೆಸರಿನ ರಿಬ್ಬನ್ ನಾನೇ ಹೊಲಿದಿದ್ದೆ. ನೀನೋ, ಬೆಂಚಿನ ತುದಿಯಿಂದ ಏಳಲೇ ಇಲ್ಲ. ಬಿಸಿಲಿಗೆ ಹೂವು ಜೋತುಬಿದ್ದವು.

"ಏನ್ ಮಾರ್ಗೆಡಮ್ಮ, ಬೆಂಚು ಗಾಳಿಗೆ ಹಾರಿಹೋಗ್ದಂಗೆ ಅದುಮ್ಕೊಂಡು ಕೂತವ್ನಾ ನಿನ್ ಮೊಮ್ಮಗ?" ಎಂದಳು ಮಾಂಸದಂಗಡಿಯ ಬ್ಲಾಡ್ವೆನ್.

"ನಿನ್ ಗಂಡ ತಕ್ಕಡಿ ಅದುಮ್ದಂಗಂತೂ ಅಲ್ಲ ಬಿಡೇ," ಎಂದೆ.

ಬಾಯಿ ಸೋಲಲಿಲ್ಲ, ಮುಖ ಮಾತ್ರ ಉರಿಯುತ್ತಿತ್ತು.

ಅಷ್ಟರಲ್ಲಿ ನಿಮ್ಮ ತಂಡದ ಆ ದೊಡ್ಡ ಆಟಗಾರ ಚೆಂಡನ್ನು ಬೇಲಿಯಾಚೆ ಹೊಡೆದ. ಜನವೆಲ್ಲ ಎದ್ದು ಕುಣಿದರು.

"ಅಜ್ಜೀ, ಹೂವು ಬಾಡ್ತಾ ಐತೆ," ಎಂದ ಸ್ಲೇಟುಗಣಿಯ ಮೇಸ್ತ್ರಿ ಟ್ಯೂಡರ್. "ವಾಪಸ್ ಹೊತ್ಕೊಂಡು ಹೋದ್ರೆ ನಗೆಪಾಟ್ಲು. ಹೊಡೆದೋನಿಗೇ ಕೊಟ್ಬಿಡಾಣ್ವಾ?"

"ಕೊಡು," ಎಂದೆ. ರಿಬ್ಬನ್ ಕಿತ್ತವಳೂ ನಾನೇ. ಆ ಮಹಾರಾಯ ಹೂವನ್ನು ಮೂಸಿ ಕೂಡ ನೋಡದೆ ಒಳಗಿಡು ಎಂದು ನಿನ್ನ ಕೈಗೆ ತಳ್ಳಿದ. ನೀನು ಅದನ್ನು ಹೊತ್ತು ನಮ್ಮ ಮುಂದೆಯೇ ನಡೆದೆ.

ನಾವು ರೈಲಿಗೆಂದು ಹೊರಟ ಮೇಲೆ ಯಾರದೋ ಬೆರಳು ಮುರಿದು ನಿನ್ನನ್ನು ಕರೆದರಂತೆ. ದಾಂಡು ಹಿಡಿದು ನಿಂತೆಯಂತೆ. ಟ್ಯೂಡರ್ ಪೇಪರಿನಲ್ಲಿ ಓದಿ ಹೇಳಿದ. ಕೊಡಲು ಹೂವೂ ಇರಲಿಲ್ಲ, ನೋಡಲು ನಾನೂ ಇರಲಿಲ್ಲ.

ಹೊಟ್ಟೆತುಂಬ ತಿನ್ನು. ದೇವರು ನಿನ್ನ ಮೊಣಕಾಲು, ಬೆರಳು ಕಾಯಲಿ. ಉಳಿದ ಆಟಗಾರರದನ್ನೂ ಕಾಯಲಿ ಎನ್ನಲು ಮನಸ್ಸು ಬರುತ್ತಿಲ್ಲ. ಅದಕ್ಕೆ ಅವನೇ ನನ್ನನ್ನು ಕ್ಷಮಿಸಲಿ.

ನಿನ್ನ ಅಜ್ಜಿ,
ಮಾರ್ಗೆಡ್

ಇನ್ನೊಂದು ಮಾತು. ಹೂವು ಹೊತ್ತು ಹೋಗುವಾಗ ನೀನು ನನ್ನನ್ನು ಕಂಡು ಟೋಪಿ ಎತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಪಟ್ಟಣದ ಹೆಂಗಸು, "ಆ ಹುಡುಗ ನಿಮ್ಮೋನಾ ಅಜ್ಜಿ?" ಎಂದಳು. "ಅಲ್ಲ" ಎಂದೆ. ನಿನಗೆ ಕೇಳಿಸಿತು. ಎತ್ತಿದ ಟೋಪಿ ಎತ್ತಿದ ಹಾಗೇ ಇತ್ತು.

ನಿನ್ನ ತಾಯಿ ತೀರಿಹೋದ ಮೇಲೆ ಅವಳ ಜಾಗಕ್ಕೆ ನಿಂತವಳು ನಾನು. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ನನ್ನತ್ತ ಕೈ ತೋರಿಸಿ, "ಇವ್ರು ಯಾರಪ್ಪಾ?" ಎಂದರು. ನೀನು ಇಡೀ ತರಗತಿಗೆ ಕೇಳುವ ಹಾಗೆ, "ನಮ್ಮಮ್ಮ" ಎಂದಿದ್ದೆ.