ಇದ್ದ ಹಾಗೆ ತೆಗೆಯುವ ಬಟನ್

ಸ್ಟುಡಿಯೋದ ಮಹಡಿ ಮನೆಯಿಂದ,
ಮಾರ್ಚ್ ೪, ಬುಧವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮರಿ? ಕುತ್ತಿಗೆ ನೋವು ಕಡಿಮೆಯಾಯಿತೇ? ಇಡೀ ದಿನ ಪರದೆಯ ಮುಂದೆ ಕೂತು ಯಾರ‍್ಯಾರದೋ ಫೋಟೋ ನೋಡಿ ಮುಖ ಎಷ್ಟು ಚಂದ ಬಂದಿದೆ ಎಂದು ಅಂಕ ಹಾಕುವ ಕೆಲಸ ನಿನ್ನದು, ಕುತ್ತಿಗೆ ಸುಮ್ಮನಿರುತ್ತದೆಯೇ? ಗಂಟೆಗೊಂದು ಸಲ ಎದ್ದು ಕಿಟಕಿಯ ಹತ್ತಿರ ಹೋಗಿ ದೂರದ್ದೇನಾದರೂ ನೋಡು. ನಿಂತುಕೊಂಡು ನಾಲ್ಕು ಬಿಸ್ಕತ್ತು ತಿಂದು ಅದನ್ನು ಊಟ ಎಂದು ನನಗೆ ಹೇಳಬೇಡ. ನನ್ನ ಆರೋಗ್ಯದ ಬಗ್ಗೆ ಕೇಳಿದರೆ, ಮೊಣಕಾಲು ಮೆಟ್ಟಿಲು ಕಂಡ ಕೂಡಲೇ ಮುನಿಸಿಕೊಳ್ಳುತ್ತದೆ, ಅದು ಬಿಟ್ಟರೆ ಎಲ್ಲ ನೆಟ್ಟಗಿದೆ. ಕಣ್ಣಂತೂ ಬಹಳ ನೆಟ್ಟಗಿದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಮೂರು ವಾರದ ಹಿಂದಿನ ಭಾನುವಾರ ನೆನಪಿದೆಯೇ? ನಾನು ಫೋನಿನಲ್ಲಿ ಮೆಲ್ಲಗೆ, ನಿಮ್ಮಮ್ಮ ಯಾಕೋ ತುಂಬಾ ಇಳಿದುಹೋಗಿದ್ದಾಳೆ ಕಣೇ, ಎಂದೆ. ನೀನು ತಕ್ಷಣ ವಿಡಿಯೋ ಹಾಕಿಸಿ ಅವಳನ್ನು ನೋಡಿ ಬಿದ್ದು ಬಿದ್ದು ನಕ್ಕುಬಿಟ್ಟೆ. "ತಾತಾ, ಅಮ್ಮನ ಕೆನ್ನೆ ನೋಡು, ನನಗಿಂತ ಗುಂಡಗಿದಾಳೆ. ಮೊದ್ಲು ನಿನ್ ಕನ್ನಡಕ ಬದಲಾಯಿಸು" ಎಂದು ನನ್ನ ಕಿವಿ ಹಿಂಡಿದೆ. ನಿಮ್ಮಮ್ಮನೂ ನಕ್ಕಳು. ನಾನು ಪೆಚ್ಚಾಗಿ ನಗಬೇಕಾಯಿತು. ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ ಗುಬ್ಬಿ. ಗೋಡೆಯ ಮೇಲಿದ್ದ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. "ಯಜಮಾನ್ರೇ, ಈ ವಯಸ್ಸಿಗೆ ಇಂಥ ಕಣ್ಣು ನಾನು ನೋಡಿಲ್ಲ, ಇದೇ ಕನ್ನಡಕ ಸಾಕು" ಎಂದರು ಅವರು. ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಮನೆಗೆ ಬರುತ್ತಿದ್ದರು. ನಾನು ಇನ್ನೊಂದು ಸಲ ನೋಡಿ ಎಂದು ಅವರನ್ನು ಬೇಡಿಕೊಂಡೆ. ತಪ್ಪು ನನ್ನ ಕಣ್ಣಿನದೇ ಆಗಿರಲಪ್ಪಾ ಎಂದು ಹಂಬಲಿಸಿಕೊಂಡು ಹೋಗಿದ್ದವನು ನಾನು.

ಇರಲಿ, ನಮ್ಮ ಬಟನ್ ಜಗಳಕ್ಕೆ ಬರೋಣ. ಹೋದ ಭಾನುವಾರ ಅದು ಅರ್ಧಕ್ಕೇ ನಿಂತಿತು. ಮುಂದೆ ಬರಲಿರುವ ನಿಮ್ಮ ಕಂಪನಿಯ ಫೋನಿನ ಪಕ್ಕದಲ್ಲಿ ಕ್ಯಾಮೆರಾಕ್ಕೆಂದೇ ಒಂದು ಬಟನ್ ಇಡುತ್ತಾರೆ, ಅದು ಏನು ಮಾಡಬೇಕು ಎಂದು ನೀವು ಏಳು ಜನ ಹದಿಮೂರನೇ ತಾರೀಕು ಕೂತು ತೀರ್ಮಾನ ಮಾಡುತ್ತೀರಿ. ಒಬ್ಬರು, ಒತ್ತಿದರೆ ಕ್ಯಾಮೆರಾ ತೆರೆದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು, ಬೆರಳು ಜಾರಿಸಿದರೆ ದೂರದ್ದು ಹತ್ತಿರ ಬರಬೇಕು ಎನ್ನುತ್ತಾರೆ. ನಿನ್ನ ಪಕ್ಕದ ಮೇಜಿನ ಉದ್ದಕೂದಲಿನವನು, ಅರ್ಧ ಒತ್ತಿದರೆ ಒಂದು, ಪೂರ್ತಿ ಒತ್ತಿದರೆ ಇನ್ನೊಂದು ಎಂದು ಪಟ್ಟು ಹಿಡಿದಿದ್ದಾನೆ. ನಿನಗೆ ಒಂದೇ ಸಲ ಒತ್ತಿದರೆ ಮುಖ ತನ್ನಷ್ಟಕ್ಕೆ ಚಂದವಾಗಬೇಕು, ಚರ್ಮ ನುಣ್ಣಗಾಗಬೇಕು, ಕಣ್ಣಿನ ಕೆಳಗಿನ ಕಪ್ಪು ಹೋಗಬೇಕು, ಕೆನ್ನೆ ತುಂಬಿಕೊಳ್ಳಬೇಕು. ನಿಮ್ಮಮ್ಮನ ಕೈಯಲ್ಲಿರುವ ನಿಮ್ಮ ಈಗಿನ ಫೋನಿನಲ್ಲಿ ಫೋಟೋಗೂ ವಿಡಿಯೋಗೂ ಸುಮ್ಮನೆ ಆಗುತ್ತಿರುವುದು ಇನ್ನೂ ಜೋರಾಗಿ ಆಗಬೇಕು. ನಾನು ಕೇಳಿದ್ದು ಒಂದೇ: ಇದ್ದದ್ದನ್ನು ಇದ್ದ ಹಾಗೆ ತೆಗೆಯುವ ಬಟನ್ ಇಡಿ ತಾಯಿ, ಅಷ್ಟೇ. ನೀನು ಅದನ್ನು ಸಭೆಯಲ್ಲಿ ತಮಾಷೆಗೆಂದು ಹೇಳಿದೆಯಂತೆ, ನಿಮ್ಮ ಮೇಲಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ತಮ್ಮ ಮೊಡವೆ ನೋಡ್ಕೊಳ್ಳೋಕೆ ಯಾರಮ್ಮ ಹೊಸ ಫೋನ್ ತಗೋತಾರೆ?" ಎಂದರಂತೆ. ಅವರು ಹೇಳಿದ್ದು ಸುಳ್ಳಲ್ಲ ಬಿಡು. ಆದರೂ ನನಗೆ ಆ ನಗು ನಾಟಿತು.

ಆಮೇಲೆ ನೀನು ಒಂದು ಮಾತು ಹೇಳಿದೆ, ಅದು ಇನ್ನೂ ನಾಟಿತು. "ತಾತಾ, ನೀನು ನಲವತ್ತು ವರ್ಷ ಮಾಡಿದ್ದನ್ನೇ ಫೋನ್ ಮಾಡ್ತಿದೆ. ನಿನ್ನ ಪೆನ್ಸಿಲನ್ನ ಒಳಗೆ ಹಾಕಿದೀವಿ, ಅಷ್ಟೆ." ಹೌದಲ್ಲ! ಕೆಳಗಿನ ಸ್ಟುಡಿಯೋದಲ್ಲಿ ನನ್ನ ಪಕ್ಕ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ ನೀನು ನೋಡಿ ಕಲಿತದ್ದು ಅದನ್ನೇ. ದೀಪದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯ ಹಾಗೆ ಕೆತ್ತಿದ ಪೆನ್ಸಿಲಿನಿಂದ ಟಚಿಂಗ್ ಮಾಡುವುದು. ಮದುವೆಯ ಹೆಣ್ಣಿನ ಮುಖದ ಕಲೆ, ಗುಮಾಸ್ತರ ಕಣ್ಣಿನ ಕೆಳಗಿನ ಚೀಲ, ಯಾರದೋ ಒಳಗೆ ಹೋದ ಕೆನ್ನೆ, ಎಲ್ಲಕ್ಕೂ ಅದೇ ಪೆನ್ಸಿಲ್. "ಒತ್ತಬೇಡ ಗುಬ್ಬಿ, ಸುಮ್ಮನೆ ಸವರು" ಎಂದು ನಿನ್ನ ಪುಟ್ಟ ಕೈ ಹಿಡಿದು ಹೇಳಿಕೊಟ್ಟವನು ನಾನೇ. ಈಗ ನೀನು ಅದನ್ನು ಲಕ್ಷಾಂತರ ಜನರ ಫೋನಿಗೆ ಹಾಕಿದ್ದೀಯ ಎಂದರೆ ಕೋಪ ಮಾಡಿಕೊಳ್ಳಲು ನನಗೆ ಯಾವ ಮುಖವಿದೆ? ಆದರೆ ನಾನು ಕೇಳಿ ತಿದ್ದುತ್ತಿದ್ದೆ. ಟಚಿಂಗ್ ಮಾಡಲೇ, ಬೇಡವೇ ಎಂದು ರಸೀದಿಯ ಮೇಲೆ ಬರೆಸಿಕೊಳ್ಳುತ್ತಿದ್ದೆ. ಬೇಡ ಎಂದವರಿಗೆ ಅವರ ಮುಖವನ್ನೇ ಕೊಟ್ಟು ಕಳಿಸುತ್ತಿದ್ದೆ. ಒಂದೇ ಒಂದು ಸಲ ಕೇಳದೆ ಮಾಡಿದ್ದೇನೆ. ಅದನ್ನು ನಿನಗೆ ಯಾರೂ ಹೇಳಿಲ್ಲ.

ಅದು ನಿನ್ನ ಅಜ್ಜಿಯ ಫೋಟೋ. ಆಗ ನಿಮ್ಮಮ್ಮನಿಗೆ ಹತ್ತೊಂಬತ್ತು ವರ್ಷ, ದೂರದ ಊರಿನಲ್ಲಿ ಹೊಲಿಗೆಯ ತರಬೇತಿಗೆ ಹೋಗಿದ್ದಳು, ಕೊನೆಯ ಪರೀಕ್ಷೆ ಹತ್ತಿರ ಬಂದಿತ್ತು. ಇಲ್ಲಿ ಅಜ್ಜಿ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಅಮ್ಮ ಹೇಗಿದ್ದಾಳೆ, ಒಂದು ಫೋಟೋ ಕಳಿಸಿ ಎಂದು ಮಗಳು ಪತ್ರ ಬರೆದಳು. ನಾನು ತೆಗೆದೆ. ನೆಗೆಟಿವ್ ನೋಡಿದರೆ ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಗುಳಿಬಿದ್ದಿತ್ತು. ಪರೀಕ್ಷೆ ಮುಗಿಯುವವರೆಗೆ ಹುಡುಗಿ ನಿಶ್ಚಿಂತೆಯಾಗಿರಲಿ ಎಂದುಕೊಂಡು ಒಂದು ಇಡೀ ಮಧ್ಯಾಹ್ನ ಕೂತು ಟಚಿಂಗ್ ಮಾಡಿದೆ. ಕೆನ್ನೆ ತುಂಬಿದೆ, ಕಣ್ಣಿಗೆ ಬೆಳಕು ಕೊಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೈ ಓಡಿದ್ದು ಅದೊಂದೇ ಸಲ. ನಿಮ್ಮಮ್ಮ ಆ ಫೋಟೋವನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ ಪರೀಕ್ಷೆ ಬರೆದಳು. ಅವಳು ಬಂದು ಇಳಿಯುವ ಹೊತ್ತಿಗೆ ಎಲ್ಲ ಮುಗಿದು ಎರಡು ದಿನವಾಗಿತ್ತು. ಅವಳು ನನ್ನನ್ನು ಬೈಯಲಿಲ್ಲ, ಕೂಗಾಡಲಿಲ್ಲ. "ಅಪ್ಪಾ, ಫೋಟೋದಲ್ಲಿ ಅಮ್ಮ ಚೆನ್ನಾಗೇ ಇದ್ದಳಲ್ಲ" ಎಂದಳು. ಅಷ್ಟೇ. ಮೂವತ್ತೆರಡು ವರ್ಷವಾಯಿತು, ಆ ಮಾತನ್ನು ಅವಳು ಇನ್ನೊಂದು ಸಲ ಆಡಿಲ್ಲ, ನಾನು ಮರೆತಿಲ್ಲ. ಈಗ ಅದೇ ಮಗಳು ನಿನಗೆ ಅದನ್ನೇ ಮಾಡುತ್ತಿದ್ದಾಳೆ. ನಾನು ಕೈ ಕೈ ಹಿಸುಕಿಕೊಂಡು ನೋಡುತ್ತಿದ್ದೇನೆ.

ಫೋನ್ ಮೋಸ ಮಾಡುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಎಲ್ಲ ಗೊತ್ತು. ನೀನು ಹಿಂದೊಮ್ಮೆ ಹೇಳಿಕೊಟ್ಟಿದ್ದೆಯಲ್ಲ, ಸೆಟ್ಟಿಂಗ್ಸ್ ಒಳಗೆ ಹೋಗಿ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಎಂದು. ನಾನು ಒಂದು ದಿನ ಹಾಗೇ ತಡಕಾಡಿಕೊಂಡು ಹೋಗಿ ಆ ಚಂದ ಮಾಡುವುದನ್ನು ನಿಲ್ಲಿಸಿದ್ದೆ. ಎಂಥ ಹೆಮ್ಮೆ ನನಗೆ! ನೀನು ಕರೆ ಮಾಡುವ ಮೊದಲೇ ಅವಳು ಬಂದು ನೋಡಿ, ಮತ್ತೆ ಹಾಕಿಕೊಂಡಳು. "ನಿಮಗೆ ಬೇಡದಿದ್ರೆ ಬಿಡಿ ಅಪ್ಪಾ, ನನಗೆ ಬೇಕು" ಎಂದಳು. ಈಗ ಫೋನನ್ನು ದಿಂಬಿನ ಕೆಳಗಿಟ್ಟುಕೊಳ್ಳುತ್ತಾಳೆ. ಒಂದೊಂದು ಸಲ ನಿನ್ನ ಮೇಲೆ ಸಿಟ್ಟು ಬರುತ್ತದೆ: ಅದನ್ನು ಮಾಡಿದವಳೇ ನೀನು, ನಿನಗೇ ತಿಳಿಯದೇ ಹೋಯಿತೇ ಎಂದು. ಆದರೆ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಲ್ಲ, ಯಾರಿಗೆ ತಾನೇ ತಿಳಿದೀತು? ನಿನ್ನನ್ನು ಬೈದುಕೊಂಡು ಆಮೇಲೆ ನನ್ನನ್ನೇ ಬೈದುಕೊಳ್ಳುತ್ತೇನೆ.

ನಾನು ಕಾಣುವುದನ್ನು ಬರೆಯುತ್ತೇನೆ, ಕೇಳು. ಕೆಳಗಿನ ಮುಂಭಾಗದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ದಿನವೂ ಓಡುತ್ತದೆ. ಗಿರಾಕಿಗಳ ಬಟ್ಟೆಯಾದರೆ ಉದ್ದುದ್ದ ಓಡುತ್ತದೆ. ತನ್ನದಾದರೆ ಸ್ವಲ್ಪ ಓಡಿ ನಿಂತು, ಮತ್ತೆ ಸ್ವಲ್ಪ ಓಡುತ್ತದೆ. ಹದಿನೈದು ದಿನಕ್ಕೊಮ್ಮೆ ತನ್ನ ಬಟ್ಟೆಗಳ ಅಳತೆಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಿದ್ದಾಳೆ. ಕತ್ತರಿಸಿ ಬಿಸಾಡಿದ ಪಟ್ಟಿಗಳು ಕಸದ ಬುಟ್ಟಿಯಲ್ಲಿ ಸಿಗುತ್ತವೆ, ಗಿರಾಕಿಗಳ ಬಟ್ಟೆಯ ಬಣ್ಣವಲ್ಲ, ಅವಳದೇ ಬಣ್ಣ. ಅರ್ಧ ತಟ್ಟೆ ಊಟ ಬಿಟ್ಟು, ಆಗಲೇ ತಿಂದೆ ಎನ್ನುತ್ತಾಳೆ. ಮಹಡಿ ಹತ್ತುವಾಗ ನನ್ನ ಕಾಲುನೋವಿಗೋಸ್ಕರ ನಿಂತ ಹಾಗೆ ನಟಿಸಿ ತಾನು ಉಸಿರು ತೆಗೆದುಕೊಳ್ಳುತ್ತಾಳೆ. ನಾನೂ ನೋವು ಎಂದು ನಟಿಸುತ್ತೇನೆ. ತಂದೆ ಮಗಳು ಇಬ್ಬರೂ ಈ ಮೆಟ್ಟಿಲ ಮೇಲೆ ಒಳ್ಳೆ ನಾಟಕದ ಕಂಪನಿ ನಡೆಸುತ್ತಿದ್ದೇವೆ ಗುಬ್ಬಿ, ನನಗೆ ಸಾಕಾಗಿ ಹೋಗಿದೆ.

ಮೊನ್ನೆ ಭಾನುವಾರ ನಿನ್ನ ಕರೆ ಮುಗಿದ ಮೇಲೆ ಅವಳು ನನ್ನನ್ನು ಕರೆದಳು. ಮಂಚದ ಮೇಲೆ ಏಳು ಬಟ್ಟೆಗಳನ್ನು ಸಾಲಾಗಿ ಇಟ್ಟಿದ್ದಳು. "ಅಪ್ಪಾ, ಆ ಒಂದು ವಾರ ದಿನಾ ಗುಬ್ಬಿಗೆ ಫೋಟೋ ತೆಗೆದು ಕಳಿಸಕ್ಕಾಗಲ್ಲ. ಇವತ್ತೇ ಏಳೂ ತೆಗೆದುಬಿಡಿ" ಎಂದಳು. ಯಾಕೆ ಏಳು ಎನ್ನುವುದು ನನಗೆ ಗೊತ್ತು. ನಿನಗೆ ಬಾಯಿಬಿಟ್ಟು ಹೇಳುವುದಿಲ್ಲ ಎಂದು ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದೇನೆ. ಒಂದೊಂದು ಬಟ್ಟೆ ಹಾಕಿಕೊಂಡು ಬಂದಾಗಲೂ ಬೆನ್ನಿನ ಕಡೆ ಸಡಿಲವಿದ್ದದ್ದನ್ನು ನಾನೇ ಕ್ಲಿಪ್ ಹಾಕಿ ಬಿಗಿ ಮಾಡಿದೆ. ಹಿಂದೆ ಸ್ಟುಡಿಯೋದ ಒಂದೇ ಕೋಟನ್ನು ದಪ್ಪಗಿದ್ದವರಿಗೂ ಸಣ್ಣಗಿದ್ದವರಿಗೂ ಕೂರಿಸುತ್ತಿದ್ದೆನಲ್ಲ, ಅದೇ ಕ್ಲಿಪ್‌ಗಳು. ಒಂದು ಕಿಟಕಿಯ ಹತ್ತಿರ, ಒಂದು ಯಂತ್ರದ ಮುಂದೆ, ಒಂದು ಬಾಗಿಲಲ್ಲಿ. ನಗು ಎಂದರೆ ನಕ್ಕಳು. ಫೋನಿನಲ್ಲಿ ಏಳೂ ಫೋಟೋ ಎಷ್ಟು ಚೆನ್ನಾಗಿ ಬಂದವೆಂದರೆ, ನೋಡುತ್ತ ನೋಡುತ್ತ ನಾನು ಫೋನನ್ನು ಮಗುಚಿ ಇಟ್ಟುಬಿಟ್ಟೆ. ಏಳನೆಯದು ಮುಗಿದಾಗ ಅವಳಿಗೆ ಬಟ್ಟೆ ಬದಲಾಯಿಸಲೂ ಶಕ್ತಿ ಇರಲಿಲ್ಲ. ಹಾಗೇ ಮಂಚದ ಅಂಚಿಗೆ ಕೂತು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಕೆಳಗೆ ಹೋಗಿ ನನ್ನ ಹಳೆಯ ಕ್ಯಾಮೆರಾ ತಂದೆ. ಫ್ರಿಜ್ಜಿನಲ್ಲಿ ತರಕಾರಿಯ ಹಿಂದೆ ಒಂದು ಫಿಲ್ಮ್ ರೋಲ್ ಉಳಿಸಿಕೊಂಡಿದ್ದೆ, ನಿನ್ನ ಮದುವೆಗೆ ಒಂದು ಒಳ್ಳೆ ಫೋಟೋ ತೆಗೆಯೋಣವೆಂದು. ಅದನ್ನೇ ಹಾಕಿದೆ. ಆ ಕ್ಯಾಮೆರಾದಲ್ಲಿರುವುದು ಒಂದೇ ಬಟನ್. ಎಂಟನೆಯ ಫೋಟೋ ತೆಗೆದೆ. ಅವಳನ್ನು ಕೇಳಲಿಲ್ಲ. ನನ್ನ ಜೀವನದಲ್ಲಿ ಕೇಳದೆ ಮಾಡಿದ ಎರಡನೆಯ ಕೆಲಸ ಇದು.

ನಿನ್ನೆ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ಫಿಲ್ಮ್ ತೊಳೆದು, ಆಮೇಲೆ ಕೆಂಪು ಬಲ್ಬು ಹಾಕಿ ಪ್ರಿಂಟ್ ಮಾಡಿದೆ. ಕೆಮಿಕಲ್ ಹಳೆಯದು, ಅಂಚುಗಳು ಸ್ವಲ್ಪ ಮಬ್ಬಾಗಿವೆ. ಮುಖ ಮಾತ್ರ ಚೊಕ್ಕವಾಗಿ ಬಂದಿದೆ. ನೆಗೆಟಿವನ್ನು ದೀಪದ ಗಾಜಿನ ಮೇಲೆ ಇಟ್ಟಾಗ ನನ್ನ ಕೈ ತಾನಾಗಿಯೇ ಪೆನ್ಸಿಲ್ ಎತ್ತಿಕೊಂಡಿತು ಕಣೇ. ಅವಳ ಕೆನ್ನೆಯ ಹತ್ತಿರದವರೆಗೂ ಹೋಯಿತು. ನನ್ನ ಮಗಳು, ಅವಳನ್ನು ಹೀಗೆ ನೋಡಲು ಯಾವ ತಂದೆಗೆ ಆಗುತ್ತದೆ? ಪೆನ್ಸಿಲನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿ, ಅಲ್ಲೇ ಕೂತು ಅತ್ತೆ. ಆ ಫೋಟೋ ಈ ಲಕೋಟೆಯೊಳಗೆ, ರಟ್ಟಿನ ನಡುವೆ ಇದೆ. ಟಚಿಂಗ್ ಮಾಡಿಲ್ಲ. ನಿನಗೆ ಅಭ್ಯಾಸವಿದೆಯಲ್ಲ, ನಿಧಾನವಾಗಿ ನೋಡು, ಅಂಕ ಹಾಕು.

ಇಷ್ಟು ದಿನ ಫೋನಿನಲ್ಲೇಕೆ ಹೇಳಲಿಲ್ಲ ಎಂದು ಕೇಳಬೇಡ. ಹೇಳಿದ್ದೆ, ನೀನು ಕನ್ನಡಕ ಬದಲಾಯಿಸು ಎಂದೆ. ನಾನು ಇನ್ನೊಂದು ಸಲ ಹೇಳಿದರೆ ನೀನು ಇನ್ನೊಂದು ಸಲ ವಿಡಿಯೋ ಹಾಕಿಸುತ್ತೀಯ, ಅವಳು ಇನ್ನೊಂದು ಸಲ ಗುಂಡಗೆ ನಗುತ್ತಾಳೆ, ನಾನು ಇನ್ನೊಂದು ಸಲ ಅರಳುಮರುಳಿನ ಮುದುಕನಾಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಕೈ, ಕಣ್ಣು, ಕುತ್ತಿಗೆ ಎಲ್ಲ ಗಟ್ಟಿಯಾಗಿರಲಿ. ಉದ್ದಕೂದಲಿನವನಿಗೂ, ನನ್ನ ಮಾತಿಗೆ ನಕ್ಕ ನಿಮ್ಮ ಮೇಲಧಿಕಾರಿಗೂ ಒಳ್ಳೆಯದಾಗಲಿ, ಅವರ ಮನೆಯವರೆಲ್ಲ ನೆಟ್ಟಗಿರಲಿ. ನಾಳೆ ಬೆಳಗಿನ ಟಪಾಲಿಗೆ ನಾನೇ ಹೋಗಿ ಹಾಕುತ್ತೇನೆ, ಮೊಣಕಾಲು ಏನು ಬೇಕಾದರೂ ಹೇಳಿಕೊಳ್ಳಲಿ.

ನಿನ್ನ ನೆತ್ತಿಯ ಮೇಲೆ ಕೈಯಿಟ್ಟು,
ಕನ್ನಡಕ ಬದಲಾಯಿಸದ ನಿನ್ನ ತಾತ

ತಾ. ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕೊಟ್ಟ ಮಾತು ಹಾಳಾಗಿ ಹೋಗಲಿ. ಹದಿಮೂರನೇ ತಾರೀಕು ಶುಕ್ರವಾರ ಬೆಳಿಗ್ಗೆ ಅವಳಿಗೆ ಆಪರೇಷನ್. ಹೊಟ್ಟೆಯಲ್ಲಿ ಗಡ್ಡೆ, ದೊಡ್ಡದು. ಒಂದು ವಾರ ಆಸ್ಪತ್ರೆ, ಅದಕ್ಕೇ ಏಳು ಫೋಟೋ. ಡಾಕ್ಟರು ಬೇರೆ ದಿನವನ್ನೂ ಹೇಳಿದ್ದರು. ಹದಿಮೂರಕ್ಕೆ ನಿನಗೆ ಬೆಳಗಿನಿಂದ ಸಂಜೆಯವರೆಗೆ ಬಟನ್ ಸಭೆ, ಕರೆ ಮಾಡುವುದಿಲ್ಲ ಎಂದು ಅವಳೇ ಆ ದಿನ ಆರಿಸಿಕೊಂಡಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ನೋಡಬೇಕಾದವರು ಯಾರಾದರೂ ಇದ್ದರೆ ಆಪರೇಷನ್ನಿಗೆ ಮೊದಲೇ ಬಂದು ನೋಡಲಿ ಎಂದಿದ್ದಾರೆ. ಜಗಳದಲ್ಲಿ ನೀನೇ ಗೆದ್ದೆ ಗುಬ್ಬಿ, ಆ ಬಟನ್ ಏನು ಬೇಕಾದರೂ ಮಾಡಲಿ. ನೀನು ಹನ್ನೆರಡನೇ ತಾರೀಕು ಗುರುವಾರದೊಳಗೆ ಬಾ. ಹೊರಡುವ ಮೊದಲು ಅಮ್ಮನಿಗೆ ಫೋನ್ ಮಾಡಬೇಡ. ಫೋನಿನಲ್ಲಿ ಅವಳು ಚೆನ್ನಾಗೇ ಇರುತ್ತಾಳೆ.