ಹೊಲದಲ್ಲಿ ತೂಗಿದ ಸಿಡಿ

ಮಾರ್ಚ್ ೧೨, ಬುಧವಾರ

ಮಗಳು ಪರಿಮಳಾ ತೀರಿಹೋದ ಮೇಲೆ ಅವಳ ದನಿ ಉಳಿದದ್ದು ಶಾಲೆಯವರು ಕೊಟ್ಟ ಒಂದೇ ಸಿಡಿಯಲ್ಲಿ. ತಿಳಿಯದೆ ಅತ್ತೆ ಅದನ್ನು ಹಕ್ಕಿ ಹೆದರಲೆಂದು ಜೋಳದ ಹೊಲದಲ್ಲಿ ಕಟ್ಟಿದ್ದರು. ಇವತ್ತು ಅದನ್ನು ಶಹಾಪುರದ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಂಗಡಿಯ ಹುಡುಗ ಶಹಬಾಜ ಬೆಳಕಿಗೆ ಹಿಡಿದು ನೋಡಿದ.

“ಬಿಸಿಲು ಒಳಗಿನ ಬಣ್ಣಾನೇ ತಿಂದದರಿ ಅಕ್ಕಾ. ದನಿ ಆ ಬಣ್ಣದಾಗೇ ಇರ್ತದ. ಈಗ ಗಾಜಿನೊಳಗ ಲೇಸರ್ ಹಚ್ಚಿ ಪದರ ಪದರ ಬರೀತಾರಂತ. ಎಂಥಾ ಬಿಸಿಲಿಗೂ ಹೋಗಂಗಿಲ್ಲಂತ.”

“ಬರೀಲಿ. ಮಾತಾಡಾಕ ಆಕಿ ಎಲ್ಲಿದ್ದಾಳಪಾ?” ಎಂದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. “ಮಾತಾಡಿದಳೇನವಾ?”

“ನಾಳಿ ಬಾ ಅಂದಾನ್ರಿ.”

ಅದು ಮೊಮ್ಮಗಳ ದನಿಯ ಸಿಡಿಯೆಂದು ತಿಳಿದ ಮೊನ್ನೆಯಿಂದ ಉಪವಾಸವಿದ್ದವರು ನನ್ನ ಆ ಸುಳ್ಳಿಗೇ ಅರ್ಧ ರೊಟ್ಟಿ ತಿಂದು ಮಲಗಿದ್ದಾರೆ. ನಾಳೆ ಏನು ಹೇಳಲಿ? ಅವಳು ‘ಅವ್ವಾ’ ಎನ್ನುತ್ತಿದ್ದದ್ದನ್ನು ನೆನೆಸಿಕೊಳ್ಳಲು ಹೋದರೆ ನನಗೂ ಈಗ ಆ ದನಿ ಕೇಳಿಸುತ್ತಿಲ್ಲ.