ವರ್ಲಿನ್ ಹೇಳಿದ ‘ಹೂಂ ಹೂಂ’

ನೆಬ್ರಾಸ್ಕ, ಫೆಬ್ರವರಿ 9

ಟ್ರೆಂಟ್ ಅವರೇ,

ನನ್ನ ಗಂಡ ವರ್ಲಿನ್ ಜೊತೆ ನೀವು ಫೋನಿನಲ್ಲಿ ಮಾತಾಡಿದ್ದರ ರೆಕಾರ್ಡಿಂಗನ್ನು ನಿಮ್ಮ ವಿಮಾ ಕಂಪನಿ ಕಳಿಸಿದೆ. ಪೂರ್ತಿ ಕೇಳಿದೆ.

“ವಯಸ್ಸಾದವ್ರಿಗೆ ಸರ್ಕಾರ ಕೊಡೋ ಮೆಡಿಕೇರ್ ವಿಮೆನ ಇನ್ಮೇಲೆ ನಮ್ಮ ಪ್ಲಾನಲ್ಲೇ ತಗೋತೀರಾ ಸರ್?”

“ಹೂಂ ಹೂಂ.”

“ನಮ್ಮ ಪಟ್ಟೀಲಿರೋ ಡಾಕ್ಟರ ಹತ್ರಾನೇ ಹೋಗ್ಬೇಕು. ಒಪ್ಪಿಗೆನಾ?”

“ಹೂಂ ಹೂಂ.”

“ನೀವು ಹುಟ್ಟಿದ ತಾರೀಖು?”

“ಹೂಂ ಹೂಂ.”

ಆಗ ನೀವು ನಕ್ಕಿರಿ. ಕಾಗದ ಮಗುಚಿದ ಸದ್ದು ಕೇಳಿಸಿತು, ತಾರೀಖನ್ನು ನೀವೇ ಓದಿದಿರಿ.

ಮೂವತ್ತು ವರ್ಷ ಗಿರಣಿಯ ಸದ್ದಿನಲ್ಲಿ ದುಡಿದ ಕಿವಿ ಅವನದು. ಕೇಳಿಸದ ಮಾತಿಗೆಲ್ಲ ವರ್ಲಿನ್ ಹೂಂ ಹೂಂ ಅನ್ನುತ್ತಾನೆ. ಪಾದ್ರಿಗೂ ಅದೇ, ನನಗೂ ಅದೇ. ಹನ್ನೊಂದು ವರ್ಷದಿಂದ ಅವನ ಹೃದಯ ನೋಡುತ್ತಿರುವ ಡಾಕ್ಟರು ನಿಮ್ಮ ಪಟ್ಟಿಯಲ್ಲಿಲ್ಲ. ಬರುವ ತಿಂಗಳು ಆಗಬೇಕಿದ್ದ ಆಪರೇಷನ್ ನಿಂತಿದೆ. ಮೆಟ್ಟಿಲು ಹತ್ತುವಾಗ ಈಗ ಎರಡು ಸಲ ಕೂರುತ್ತಾನೆ.

ಹಳೆಯ ಮೆಡಿಕೇರಿಗೇ ವಾಪಸು ಹೋಗುತ್ತೇವೆ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ನೀವು ಹೇಳಿದ್ರೆ ಆಗಲ್ಲ ಮೇಡಂ, ಅವ್ರ ಬಾಯಿಂದ್ಲೇ ಬರ್ಬೇಕು,” ಅಂದರು.

ಆಗಲಿ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನು ಫೋನಿನ ಮುಂದೆ ಕೂರಿಸಿರುತ್ತೇನೆ. ‘ನಮ್ಮ ಪ್ಲಾನ್ ಬಿಡ್ತೀರಾ ಸರ್’ ಎಂದು ನೀವೇ ಕೇಳಿ. ಅವನು ಏನು ಹೇಳುತ್ತಾನೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ.

ಇತಿ,
ಎರಡು ಕಿವಿಯೂ ಸರಿಯಿರುವ
ಲವೋನ್ ಕುಚೇರಾ